ಹಳೆ ಚೇತಕ್‌ನ ಗೇರ್ ಜಂಪ್ ಆಗುತ್ತಿದೆಯೇ? ಎಂಜಿನ್ ಬಿಚ್ಚಿಸುವ ಮುನ್ನ ಇದನ್ನು ಓದಿ

ಧರ್ಮಪುರಿ: ಪೆನ್ನಾಗರಂನಿಂದ ಹೊಗೆನಕಲ್‌ಗೆ ಘಾಟಿ ಇಳಿಯುತ್ತಿದ್ದೀರಿ. ಹಿಂದೆ ಮನೆಯವರು, ಮುಂದೆ ಒಂದು ಚೀಲ. ಎರಡನೇ ಗೇರ್‌ನಲ್ಲಿದ್ದ ಗಾಡಿ ‘ಟಕ್’ ಎಂದು ನ್ಯೂಟ್ರಲ್‌ಗೆ ಬಿದ್ದರೆ? ಎಂಜಿನ್ನಿನ ಹಿಡಿತ ತಪ್ಪಿ, ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಗೇರ್ ಜಂಪ್ ಎಂದರೆ ಬರೀ ಕಿರಿಕಿರಿಯಲ್ಲ, ಜೀವಕ್ಕೇ ಅಪಾಯ.

ಬಜಾಜ್ ಚೇತಕ್ ರಸ್ತೆಗೆ ಬಂದದ್ದು 1972ರಲ್ಲಿ. ಇನ್ನು ಸ್ಕೂಟರ್ ಮಾಡುವುದಿಲ್ಲ ಎಂದು ಕಂಪನಿ 2009ರಲ್ಲಿ ಹೇಳಿತು. 2020ರಲ್ಲಿ ಅದೇ ಹೆಸರಿನಲ್ಲಿ ಬಂದ ವಿದ್ಯುತ್ ಗಾಡಿಗೆ ಗೇರ್ ಹಾಕುವ ಕೆಲಸವೇ ಇಲ್ಲ. ಆದರೆ ಅಪ್ಪ ಓಡಿಸಿದ ಹಳೆ ಚೇತಕ್ಕನ್ನು ಬಿಡಲು ಮನಸ್ಸಿಲ್ಲದವರು ನಮ್ಮ ಕಡೆ ಈಗಲೂ ಇದ್ದಾರೆ. ಈ ಬರಹ ಅವರಿಗಾಗಿ. ನಾನು ಓದಿದ್ದು ಬಿ.ಎ. ಆದ್ದರಿಂದ ಎಂಜಿನಿಯರ್ ಭಾಷೆ ಬೇಡ, ನೇರವಾಗಿ ಹೇಳುತ್ತೇನೆ.

ಒಳಗೆ ಏನಿದೆ?

ಚೇತಕ್‌ಗೆ ನಾಲ್ಕು ಗೇರ್. ಹಿಂದಿನ ಚಕ್ರ ತಿರುಗಿಸುವ ಶಾಫ್ಟ್ ಟೊಳ್ಳಾಗಿದೆ. ಅದರ ಮೇಲೆ ನಾಲ್ಕು ಗೇರ್ ಚಕ್ರಗಳು ಸಡಿಲವಾಗಿ ಕೂತಿರುತ್ತವೆ. ಶಾಫ್ಟಿನೊಳಗೆ ನಾಲ್ಕು ಕೈಗಳ ಒಂದು ಉಕ್ಕಿನ ತುಂಡು ಅತ್ತಿತ್ತ ಸರಿಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ‘ಕ್ರಾಸ್’ ಎನ್ನುತ್ತಾರೆ. ಕ್ರಾಸ್ ಯಾವ ಗೇರ್ ಚಕ್ರದ ಕಚ್ಚಿನಲ್ಲಿ ಕೂರುತ್ತದೋ ಆ ಗೇರ್ ಬಿದ್ದಂತೆ. ಎಡಗೈ ಹಿಡಿಕೆ ತಿರುಗಿಸಿದಾಗ ಎರಡು ಕೇಬಲ್‌ಗಳು ಸೆಲೆಕ್ಟರ್ ಬಾಕ್ಸನ್ನು ಎಳೆಯುತ್ತವೆ, ಅದು ಕ್ರಾಸನ್ನು ಸರಿಸುತ್ತದೆ.

ಕ್ರಾಸಿನ ಅಂಚು ಚೂಪಾಗಿದ್ದರೆ ಹಿಡಿತ ಗಟ್ಟಿ. ಅಂಚು ಸವೆದು ದುಂಡಾದರೆ ಭಾರ ಬಿದ್ದಾಗ ಜಾರುತ್ತದೆ.

ಮೊದಲು ಕಾಸಿಲ್ಲದ ಪರೀಕ್ಷೆ

1. ಎಂಜಿನ್ ನಿಲ್ಲಿಸಿ, ಹಿಡಿಕೆಯನ್ನು ಅತ್ತಿತ್ತ ಆಡಿಸಿ. ಹಿಡಿಕೆ ತಿರುಗಿದರೂ ಕೆಳಗೆ ಸೆಲೆಕ್ಟರ್ ಕದಲದಿದ್ದರೆ ಕೇಬಲ್ ಸಡಿಲ. ಹಿಡಿಕೆಯ ಗುರುತಿಗೂ ಬಿದ್ದ ಗೇರಿಗೂ ಹೊಂದದಿದ್ದರೂ ಅದೇ ಕಾರಣ. ಅಡ್ಜಸ್ಟ್ ಮಾಡಿ. ಎಳೆ ಬಿಟ್ಟಿದ್ದರೆ ಕೇಬಲ್ ಬದಲಿಸಿ.

2. ಕ್ಲಚ್ ಪೂರ್ತಿ ಹಿಡಿದರೂ ಮೊದಲ ಗೇರಿನಲ್ಲಿ ಗಾಡಿ ಮುಂದೆ ತೆವಳಿದರೆ ದೋಷ ಕ್ಲಚ್ಚಿನದು.

3. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲಿ. ಗರಗರ ಸದ್ದು ಕ್ಲಚ್ ಹಿಡಿದಾಗ ನಿಂತರೆ ಗೇರ್ ಬಾಕ್ಸಿನ ಬೇರಿಂಗ್ ಅಥವಾ ಹಲ್ಲುಗಳನ್ನು ಸಂಶಯಿಸಿ. ನಿಲ್ಲದಿದ್ದರೆ ಎಂಜಿನ್ ಕಡೆ ನೋಡಿ.

4. ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟವಿದ್ದರೆ ಮೊದಲು ಚಕ್ರದ ನಡುವಿನ ನಟ್, ಆಮೇಲೆ ಬೇರಿಂಗ್.

5. ಗೇರ್ ಆಯಿಲ್ ನೋಡಿ. ಪೆಟ್ರೋಲಿಗೆ ಬೆರೆಸುವ ಆಯಿಲ್ ಎಂಜಿನ್ನಿಗೆ ಮಾತ್ರ, ಅದು ಗೇರ್ ಬಾಕ್ಸಿಗೆ ಹೋಗುವುದೇ ಇಲ್ಲ! ಒಳಗಿರುವ ಸುಮಾರು ಕಾಲು ಲೀಟರ್ ಆಯಿಲ್ ಬೇರೆ. ಗಾಡಿ ನೇರ ನಿಲ್ಲಿಸಿ ಆಯಿಲ್ ಹಾಕುವ ಬೋಲ್ಟ್ ತೆಗೆದರೆ ಆಯಿಲ್ ತೂತಿನ ಮಟ್ಟಕ್ಕೆ ಇರಬೇಕು. ಹಳೆ ಆಯಿಲ್ ಇಳಿಸಿದಾಗ ಕೈಗೆ ಚುಚ್ಚುವ ಉಕ್ಕಿನ ಚೂರು ಬಂದರೆ ಒಳಗೆ ಏನೋ ಮುರಿದಿದೆ.

ಇವೆಲ್ಲ ಸರಿಯಿದ್ದೂ ಒಂದೇ ಗೇರ್, ಅದೂ ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಜಾರುತ್ತಿದ್ದರೆ ಕ್ರಾಸ್ ಸವೆದಿರುವ ಸಂಭವ ಹೆಚ್ಚು.

ಬಿಚ್ಚಿದ ಮೇಲೆ...

ಮೊದಲು ಸೆಲೆಕ್ಟರ್ ಬಾಕ್ಸನ್ನಷ್ಟೇ ಕಳಚಿ ಅದರ ಶೂ ನೋಡಲು ಹೇಳಿ. ಅದಕ್ಕೆ ಎಂಜಿನ್ ಇಳಿಸಬೇಕಿಲ್ಲ. ಶೂ ಚೆನ್ನಾಗಿದ್ದರೆ ಮಾತ್ರ ಎಂಜಿನ್ ಇಳಿಸಿ ಕೇಸ್ ಎರಡು ಹೋಳು ಮಾಡಬೇಕು. ಸವೆದ ಕ್ರಾಸಿಗೆ ವೆಲ್ಡಿಂಗ್ ಮಾಡಿ ಅರ ಉಜ್ಜಿಸಬೇಡಿ, ಹೊಸದು ಹಾಕಿಸಿ. ಗೇರ್ ಚಕ್ರದ ಒಳಗಿನ ಕಚ್ಚುಗಳನ್ನೂ ನೋಡಿ. ಅವು ದುಂಡಾಗಿದ್ದರೆ ಹೊಸ ಕ್ರಾಸೂ ನಿಲ್ಲದು.

ಬಹಳ ಮಂದಿ ಬಿಡುವ ಕೆಲಸ ಒಂದಿದೆ. ಶಾಫ್ಟ್ ಮೇಲಿನ ಗೇರ್‌ಗಳಿಗೆ ಉದ್ದಕ್ಕೆ ಸ್ವಲ್ಪ ಆಟ ಇರಬೇಕು, ಆದರೆ ಹೆಚ್ಚು ಇರಬಾರದು. ಫೀಲರ್ ಗೇಜ್‌ನಲ್ಲಿ ಅಳೆದರೆ 0.15ರಿಂದ 0.40 ಮಿಲಿಮೀಟರ್ ಒಳಗೆ ಬರಬೇಕು. ಹೆಚ್ಚಿದ್ದರೆ ಅಂಚಿನ ರಿಂಗ್ ತೆಗೆದು ದಪ್ಪದ್ದು ಹಾಕಬೇಕು. ಕೇಸ್ ತೆರೆದಿರುವಾಗಲೇ ಆಯಿಲ್ ಸೀಲ್, ಗ್ಯಾಸ್ಕೆಟ್, ಸದ್ದು ಮಾಡುವ ಬೇರಿಂಗ್ ಎಲ್ಲ ಬದಲಿಸಿಬಿಡಿ. ಎರಡನೇ ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಲ್ಯಾಂಬ್ರೆಟ್ಟಾ, ವಿಜಯ್ ಸೂಪರ್ ಇಟ್ಟುಕೊಂಡವರು ಗಮನಿಸಿ: ಅವುಗಳ ಒಳರಚನೆ ಬೇರೆ, ಚೈನ್ ಇದೆ. ಆದರೆ ಕೇಬಲ್, ಆಯಿಲ್ ಮೊದಲು ನೋಡಬೇಕೆಂಬ ಮಾತು ಅವಕ್ಕೂ ಸಲ್ಲುತ್ತದೆ.

ಸಡಿಲ ಕೇಬಲ್ ಕ್ರಾಸನ್ನು ತಿನ್ನುತ್ತದೆ, ಸವೆದ ಕ್ರಾಸ್ ಗೇರನ್ನು ತಿನ್ನುತ್ತದೆ. ಕೇಬಲ್ ಬದಲಿಸುವ ಖರ್ಚಿನಲ್ಲಿ ಮುಗಿಯುವುದನ್ನು ಎಂಜಿನ್ ಕೆಲಸದವರೆಗೆ ಬೆಳೆಸುವುದು ನಮ್ಮ ಉದಾಸೀನವೇ. ಶೆಡ್ಡಿಗೆ ಹೋದಾಗ ಬರೀ ‘ಗೇರ್ ನಿಲ್ತಾ ಇಲ್ಲ’ ಎಂದೋ ‘ಗಿಯರ್ ನಿಕ್ಕಲೆ’ ಎಂದೋ ಹೇಳಿ ಸುಮ್ಮನಾಗಬೇಡಿ. ಯಾವ ಗೇರ್, ಏರಿನಲ್ಲೋ ಇಳಿಜಾರಿನಲ್ಲೋ, ಕ್ಲಚ್ ಹಿಡಿದರೆ ಸದ್ದು ನಿಲ್ಲುತ್ತದೋ ಇಲ್ಲವೋ ಎಂಬುದನ್ನೂ ಹೇಳಿ. ಕನ್ನಡವಾದರೇನು, ತಮಿಳಾದರೇನು, ಅರ್ಧ ರಿಪೇರಿ ಅಲ್ಲೇ ಮುಗಿಯುತ್ತದೆ. ಅಲ್ಲಿಯವರೆಗೆ ಆ ಗಾಡಿಯಲ್ಲಿ ಘಾಟಿ ಮಾತ್ರ ಇಳಿಯಬೇಡಿ.