ಬೆರಳುದ್ದದ ಮೀನು, ಕಡಲಿಗೆ ಹೋಗುವ ನೀರು

ಹೊಳೆಯ ನೀರು ಕಡಲನ್ನು ಸೇರಿ ವ್ಯರ್ಥವಾಗುತ್ತಿದೆ ಎಂಬ ಮಾತು ಪಶ್ಚಿಮಕ್ಕೆ ಹರಿಯುವ ನದಿಗಳ ಸೀಮೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿಯೂ ಇದೇ ಮಾತು ದಶಕಗಳಿಂದ ವಿವಾದದ ವಸ್ತುವಾಗಿದೆ. ಆ ವಿವಾದದ ನಡುವೆ ಸಿಲುಕಿರುವುದು ಬೆರಳುದ್ದದ ಒಂದು ಮೀನು. ಅದರ ಹೆಸರು ಡೆಲ್ಟಾ ಸ್ಮೆಲ್ಟ್. ಶಾಸ್ತ್ರೀಯ ನಾಮ ಹೈಪೊಮೆಸಸ್ ಟ್ರಾನ್ಸ್‌ಪೆಸಿಫಿಕಸ್. ಜಗತ್ತಿನಲ್ಲಿ ಒಂದೇ ಒಂದು ಅಳಿವೆ ಅದರ ನೆಲೆ.

ಉತ್ತರದಿಂದ ಸಾಕ್ರಮೆಂಟೊ ನದಿಯೂ ದಕ್ಷಿಣದಿಂದ ಸ್ಯಾನ್ ವಾಕೀನ್ ನದಿಯೂ ಹರಿದುಬಂದು, ಕಾಲುವೆಗಳ ಜಾಲದಂತಿರುವ ಒಂದು ತಗ್ಗುನೆಲದಲ್ಲಿ ಕೂಡುತ್ತವೆ. ಡೆಲ್ಟಾ ಎಂದು ಕರೆಯುವುದು ಇದನ್ನೇ. ಅಲ್ಲಿಂದ ನೀರು ಸುಸೂನ್ ಎಂಬ ಅಗಲವಾದ, ಆಳವಿಲ್ಲದ ಕೊಲ್ಲಿಯನ್ನು ಹಾದು, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಮೂಲಕ ಗೋಲ್ಡನ್ ಗೇಟ್ ಎಂಬ ಇಕ್ಕಟ್ಟಾದ ಬಾಯಿಯಲ್ಲಿ ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಉಬ್ಬರದೊಡನೆ ಕಡಲ ನೀರು ಒಳಕ್ಕೆ ಏರುತ್ತದೆ. ಹೊಳೆಯ ಹರಿವು ಅದನ್ನು ಹಿಂದಕ್ಕೆ ತಳ್ಳುತ್ತದೆ. ಇವೆರಡೂ ಬೆರೆತು ಉಪ್ಪಿನ ಅಂಶ ತೀರ ಕಡಿಮೆಯಿರುವ ನೀರಿನಲ್ಲಿಯೇ ಹೆಚ್ಚಿನ ಸ್ಮೆಲ್ಟ್ ಮೀನುಗಳು ಬೆಳೆಯುತ್ತವೆ. ಈ ನೀರು ಒಂದೆಡೆ ನಿಲ್ಲುವಂಥದಲ್ಲ. ಹೊಳೆ ತುಂಬಿದಾಗ ಅದು ಕಡಲಿನ ಕಡೆಗೆ ಸರಿಯುತ್ತದೆ, ಬತ್ತಿದಾಗ ಒಳನಾಡಿನ ಕಡೆಗೆ.

ಸ್ಮೆಲ್ಟಿನ ಮೈ ನಸುನೀಲಿ ಹೊಳಪಿನದು, ಬಹುಮಟ್ಟಿಗೆ ಪಾರದರ್ಶಕ. ಸಾಮಾನ್ಯವಾಗಿ 5ರಿಂದ 7 ಸೆಂಟಿಮೀಟರ್ ಉದ್ದ. ಆಗತಾನೆ ಹಿಡಿದ ಮೀನಿಗೆ ಮುಳ್ಳುಸೌತೆಯ ವಾಸನೆಯಿರುತ್ತದೆ. ಅದರ ಆಹಾರ ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು. ಕದಡಿದ ನೀರು ಅದಕ್ಕೆ ಹಿತ. ಅಂಥ ನೀರಿನಲ್ಲಿ ಮರಿಗಳು ಆಹಾರವನ್ನು ಚೆನ್ನಾಗಿ ಹಿಡಿಯಬಲ್ಲವು. ದೊಡ್ಡ ಮೀನುಗಳ ಕಣ್ಣಿಗೆ ಬೀಳುವ ಭಯವೂ ಕಡಿಮೆ.

ಕ್ಯಾಲಿಫೋರ್ನಿಯಾದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಮೊದಲ ದೊಡ್ಡ ಮಳೆಗೆ ಹೊಳೆ ಕದಡಿ ಹರಿದಾಗ ಬೆಳೆದ ಸ್ಮೆಲ್ಟುಗಳು ಸಿಹಿನೀರಿನತ್ತ ಮೇಲೇರುತ್ತವೆ. ಹೊಸನೀರಿಗೆ ಗದ್ದೆಯವರೆಗೂ ಮೀನು ಹತ್ತುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ವಸಂತದಲ್ಲಿ ಹೆಣ್ಣುಮೀನು ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನಿಡುತ್ತದೆ. ಮರಿಗಳು ಹರಿವಿನೊಡನೆ ತೇಲುತ್ತ ಕೆಳಗಿಳಿದು ಅಳಿವೆಯನ್ನು ಸೇರುತ್ತವೆ. ಬಹುಪಾಲು ಮೀನುಗಳ ಆಯುಷ್ಯ ಒಂದೇ ವರ್ಷ. ಇದರ ಪರಿಣಾಮ ಗಂಭೀರ. ಹತ್ತಾರು ವರ್ಷ ಬಾಳುವ ಜೀವಿ ಒಂದು ಕೆಟ್ಟ ವರ್ಷವನ್ನು ದಾಟಿ ಮುಂದಿನ ವರ್ಷ ಮರಿಮಾಡಬಹುದು. ಸ್ಮೆಲ್ಟಿಗೆ ಆ ಅವಕಾಶ ಬಲು ಕಡಿಮೆ.

ಡೆಲ್ಟಾದ ದಕ್ಷಿಣ ಅಂಚಿನಲ್ಲಿ ಎರಡು ಬೃಹತ್ ಪಂಪುಗಳ ನೆಲೆಗಳಿವೆ. 1950ರ ದಶಕದಿಂದ ಕೇಂದ್ರ ಸರಕಾರದ ಯೋಜನೆಯೂ 1960ರ ದಶಕದ ಕೊನೆಯಿಂದ ರಾಜ್ಯದ ಯೋಜನೆಯೂ ಇಲ್ಲಿಂದ ದಕ್ಷಿಣದ ಹೊಲಗಳಿಗೂ ನಗರಗಳಿಗೂ ನೀರನ್ನು ಸಾಗಿಸುತ್ತಿವೆ. ಸುಮಾರು 2.7 ಕೋಟಿ ಜನರು ತಮ್ಮ ನೀರಿನ ಒಂದು ಭಾಗವನ್ನಾದರೂ ಡೆಲ್ಟಾದಿಂದ ಪಡೆಯುತ್ತಾರೆ. ಪಂಪುಗಳು ಜೋರಾಗಿ ಎಳೆದಾಗ ಅಕ್ಕಪಕ್ಕದ ಕಾಲುವೆಗಳ ಹರಿವು ಕಡಲಿಗೆ ಬೆನ್ನುಮಾಡಿ ಹಿಮ್ಮುಖವಾಗುತ್ತದೆ. ಈಜುವ ಶಕ್ತಿ ಕಡಿಮೆಯಿರುವ ಸ್ಮೆಲ್ಟ್ ಆ ಸೆಳೆತಕ್ಕೆ ಸಿಕ್ಕಿಕೊಳ್ಳುತ್ತದೆ. ಪಂಪುಗಳ ಮುಂದೆ ಮೀನುಗಳನ್ನು ಹಿಡಿದು ಬೇರೆಡೆ ಬಿಡುವ ಏರ್ಪಾಡು ಇದೆಯಾದರೂ ಇಷ್ಟು ನಾಜೂಕಾದ ಮೀನು ಅದರಿಂದ ಬದುಕಿ ಉಳಿಯುವುದು ವಿರಳ.

ತಪ್ಪೆಲ್ಲ ಪಂಪುಗಳದೆನ್ನುವುದು ನ್ಯಾಯವಲ್ಲ. ಡೆಲ್ಟಾದ ಉಬ್ಬರದ ಜೌಗುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗ ಬಹಳ ಹಿಂದೆಯೇ ಒಡ್ಡುಗಳ ಹಿಂದಿನ ಹೊಲವಾಗಿದೆ. 1986ರಲ್ಲಿ ಪೂರ್ವ ಏಷ್ಯಾ ಮೂಲದ, ಮರುವಾಯಿಯನ್ನು ಹೋಲುವ ಚಿಪ್ಪುಜೀವಿಯೊಂದು ಇಲ್ಲಿ ಕಾಣಿಸಿಕೊಂಡಿತು. ಅದು ನೀರನ್ನು ಸೋಸಿ ಪ್ಲವಕಗಳನ್ನು ಬರಿದುಮಾಡಿತು. ಹೊರಗಿನಿಂದ ಬಂದ ಜಲಸಸ್ಯಗಳು ಹೂಳನ್ನು ಹಿಡಿದಿಟ್ಟು ನೀರನ್ನು ತಿಳಿಯಾಗಿಸಿದವು. ನೀರಿನ ಬಿಸಿಯೂ ಏರುತ್ತಿದೆ. 1993ರಲ್ಲಿ ಸ್ಮೆಲ್ಟ್ ಕಾನೂನಿನ ರಕ್ಷಣೆ ಪಡೆಯಿತು. ಆದರೂ 1967ರಿಂದ ನಡೆದುಬಂದಿರುವ ಶರತ್ಕಾಲದ ಬಲೆ ಸಮೀಕ್ಷೆಯಲ್ಲಿ, 2018ರಲ್ಲಿ ಒಂದು ಸ್ಮೆಲ್ಟ್ ಕೂಡ ಸಿಗಲಿಲ್ಲ.

ಮೀನಿಗಾಗಿ ಪಂಪುಗಳ ವೇಗ ತಗ್ಗಿಸಬೇಕೆಂದು 2007ರಲ್ಲಿ ನ್ಯಾಯಾಲಯವು ಆದೇಶಿಸಿತು. ಅದೇ ಕಾಲಕ್ಕೆ ಬರಗಾಲವೂ ಬಂದಿತು. ಹೊಲಗಳು ಪಾಳುಬಿದ್ದವು, ಕೂಲಿಕಾರರು ಕೆಲಸ ಕಳೆದುಕೊಂಡರು. ಬರದ ಪಾಲು ಎಷ್ಟು, ಆದೇಶದ ಪಾಲು ಎಷ್ಟು ಎಂದು ಹೆಚ್ಚಿನವರು ಅಳೆಯುತ್ತ ಕೂರಲಿಲ್ಲ. ರೈತರ ಸಿಟ್ಟು ಮೀನಿನ ಮೇಲೆ ತಿರುಗಿತು. ಆ ಸಂಕಟ ನಿಜವಾದದ್ದು. ಆದರೆ ಮೀನಿಗೂ ಮನುಷ್ಯನಿಗೂ ನಡುವಿನ ಜಗಳವೆಂದು ಇದನ್ನು ಬಗೆದರೆ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ.

ಗೋಲ್ಡನ್ ಗೇಟಿನಿಂದ ಎಷ್ಟು ಕಿಲೋಮೀಟರ್ ಒಳಗೆ, ತಳದ ನೀರಿನ ಸಾವಿರ ಭಾಗದಲ್ಲಿ 2 ಭಾಗ ಉಪ್ಪು ಇದೆ ಎಂಬುದನ್ನು ಅಲ್ಲಿನ ವಿಜ್ಞಾನಿಗಳು ಅಳೆಯುತ್ತಾರೆ. ಈ ಅಳತೆಗೆ ಎಕ್ಸ್-2 ಎಂದು ಹೆಸರು. ಅದು ತಗ್ಗಿದ್ದಾಗ ಸ್ಮೆಲ್ಟಿನ ನೆಲೆ ಸುಸೂನ್ ಕೊಲ್ಲಿಯಲ್ಲಿ ಅಗಲವಾಗಿ ಹರಡಿರುತ್ತದೆ. ಏರಿದಾಗ ಇಕ್ಕಟ್ಟಾದ ಕಾಲುವೆಗಳಿಗೆ, ಪಂಪುಗಳ ಹತ್ತಿರಕ್ಕೆ ಸರಿಯುತ್ತದೆ. ಮೀನಿಗೆ ಬೇಕಾದ ಆ ಹರಿವೇ ಕಡಲ ಉಪ್ಪನ್ನು ಪಂಪುಗಳಿಂದ ದೂರವಿಡುತ್ತದೆ. ಹೊಳೆ ಕಡಲನ್ನು ತಳ್ಳದಿದ್ದರೆ ಪಂಪಿಗೆ ಬರುವುದು ಉಪ್ಪುನೀರು. ಅದರಿಂದ ಹೊಲಕ್ಕೂ ಊರಿಗೂ ಉಪಯೋಗವಿಲ್ಲ. ಚಂದ್ರಗಿರಿ ಹೊಳೆಯಲ್ಲಿ ಉಪ್ಪುನೀರು ಬಾವಿಕ್ಕೆರೆಯವರೆಗೆ ಏರಿ, ಕಾಸರಗೋಡಿನ ನಲ್ಲಿಗಳಲ್ಲಿ ಉಪ್ಪುನೀರು ಬಂದ ಬೇಸಿಗೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ಸ್ಮೆಲ್ಟಿನ ಕುಲ ಉಳಿದಿರುವುದು ಬಹುಮಟ್ಟಿಗೆ ಮನುಷ್ಯನ ಆರೈಕೆಯಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯು ಬೈರನ್ ಎಂಬಲ್ಲಿ ನಡೆಸುವ ಸಾಕಣೆ ಕೇಂದ್ರದಲ್ಲಿ, ಹತ್ತಿರದ ಸಂಬಂಧಿಗಳು ಜೊತೆಗೂಡದಂತೆ ವಂಶವಾಹಿಗಳನ್ನು ಪರೀಕ್ಷಿಸಿ ಗಂಡುಹೆಣ್ಣುಗಳನ್ನು ಜೋಡಿಸುತ್ತಾರೆ. ಅಲ್ಲಿ ಬೆಳೆದ ಸಾವಿರಾರು ಮೀನುಗಳನ್ನು 2021ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಪ್ರಯೋಗಾರ್ಥವಾಗಿ ಹೊಳೆಗೆ ಬಿಡಲಾಯಿತು. ಗುರುತು ಹಾಕಿದ ಆ ಮೀನುಗಳಲ್ಲಿ ಕೆಲವು ಮುಂದೆ ಬಲೆಗೆ ಸಿಕ್ಕವು. ಕುಲವನ್ನು ಹೊಳೆಗೆ ಮರಳಿಸುವುದು ಅಸಾಧ್ಯವಲ್ಲವೆಂಬ ಭರವಸೆ ಮೂಡಿತು. ಆದರೆ ತೊಟ್ಟಿಯಲ್ಲಿ ಮೀನನ್ನು ಸಾಕಬಹುದೇ ಹೊರತು ಅಳಿವೆಯನ್ನು ಸಾಕಲಾಗದು. ಅದೇ ನೀರನ್ನು ನೆಚ್ಚಿದ ಲಾಂಗ್‌ಫಿನ್ ಸ್ಮೆಲ್ಟ್ ಎಂಬ ಬಳಗದ ಮೀನೂ ಈ ಅಳಿವೆಯಲ್ಲಿ ಕ್ಷೀಣಿಸಿ, 2024ರಲ್ಲಿ ಅಳಿವಿನಂಚಿನವುಗಳ ಪಟ್ಟಿಗೆ ಸೇರಿದೆ. ಬಿಟ್ಟ ಮೀನು ಬದುಕಿ ಮರಿಮಾಡಬೇಕಾದರೆ ಚಳಿಗಾಲದಲ್ಲಿ ಕದಡಿದ ಹೊಸನೀರು ಬರಬೇಕು, ಅದರಲ್ಲಿ ಒಂದು ಪಾಲು ಕಡಲಿನವರೆಗೂ ಹರಿಯಬೇಕು.