ಆನ್‌ಲೈನ್ ಸಮೀಕ್ಷೆ: ಉದ್ಯಮಿಯ ಉತ್ತರ ಸೇರುವುದೆಲ್ಲಿಗೆ?

ಹಿಂದೆ ವಾಣಿಜ್ಯ ವಿಷಯದ ಸಂಶೋಧನಾ ವಿದ್ಯಾರ್ಥಿಗಳು ಮುದ್ರಿತ ಪ್ರಶ್ನಾವಳಿ ಹಿಡಿದು ಕಾರ್ಖಾನೆಯ ಬಾಗಿಲಿಗೆ ಬರುತ್ತಿದ್ದರು. ಈಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಿಂಕ್ ಬರುತ್ತದೆ. ವಾರ್ಷಿಕ ವಹಿವಾಟು, ಬ್ಯಾಂಕ್ ಸಾಲದ ಬಾಕಿ ಮುಂತಾದ ಪ್ರಶ್ನೆಗಳು ಎದುರಾದೊಡನೆ ಉದ್ಯಮಿಯ ಕೈ ತಡೆಯುತ್ತದೆ. ಸಮೀಕ್ಷೆ ಅಪೂರ್ಣವಾಗಿಯೇ ಉಳಿಯುತ್ತದೆ. ಈ ಹಿಂಜರಿಕೆ ಸಕಾರಣವಾದುದು. ಅದನ್ನು ನಿವಾರಿಸುವ ಕಾರ್ಯವು ಸಂಶೋಧಕರು ಸಾಧನವನ್ನು ಆಯ್ದುಕೊಳ್ಳುವಲ್ಲಿಂದಲೇ ಆರಂಭವಾಗಬೇಕು.

ಗೂಗಲ್ ಫಾರ್ಮ್ಸ್ ಉಚಿತವಾಗಿ ದೊರೆಯುತ್ತದೆ. ಉತ್ತರಗಳನ್ನು ನೇರವಾಗಿ ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಳ್ಳಬಹುದು. ಆದರೆ ಇ-ಮೇಲ್ ವಿಳಾಸ ಸಂಗ್ರಹಿಸುವ ಆಯ್ಕೆಯನ್ನು ಬಳಸಿದ್ದಲ್ಲಿ, ವಹಿವಾಟಿನ ಅಂಕಿಯ ಪಕ್ಕದಲ್ಲಿಯೇ ಉತ್ತರಿಸಿದವರ ವಿಳಾಸವೂ ದಾಖಲಾಗುತ್ತದೆ. ಹೆಸರು ಬಹಿರಂಗವಾಗದೆಂದು ಮೇಲೆ ಬರೆದು ಕೆಳಗೆ ವಿಳಾಸ ಪಡೆಯುವುದು, ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ತಾಳೆಯಾಗದ ವ್ಯವಹಾರ.

1999ರಲ್ಲಿ ಆರಂಭವಾದ ಸರ್ವೇಮಂಕಿಯ ಉಚಿತ ಯೋಜನೆಯಲ್ಲಿ ನೋಡಬಹುದಾದ ಉತ್ತರಗಳ ಸಂಖ್ಯೆಗೆ ಮಿತಿಯಿದೆ. ಇನ್ನೂರು ಉದ್ಯಮಿಗಳಿಂದ ಉತ್ತರ ಪಡೆದ ವಿದ್ಯಾರ್ಥಿಯು ಮಿತಿ ಮೀರಿದವುಗಳನ್ನು ಕಾಣಲು ಹಣ ತೆರಬೇಕು. ಅಗ್ಗದ ಸರಕು ಕಡೆಗೆ ದುಬಾರಿಯಾಗುವ ಬಗೆಯನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ. ಕ್ವಾಲ್‌ಟ್ರಿಕ್ಸ್ ಸಮರ್ಥ ಸಾಧನವಾದರೂ ಅದರ ಪೂರ್ಣ ರೂಪವು ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ಪರವಾನಗಿ ಖರೀದಿಸಿದ್ದರೆ ವಿದ್ಯಾರ್ಥಿಯ ಕೈಗೆಟುಕೀತು.

ಗಮನಾರ್ಹವಾದುದು ಮುಕ್ತ ತಂತ್ರಾಂಶವಾದ ಲೈಮ್‌ಸರ್ವೇ. ಇದನ್ನು ವಿದ್ಯಾಸಂಸ್ಥೆಯ ಸ್ವಂತ ಸರ್ವರ್‌ನಲ್ಲಿಯೇ ಸ್ಥಾಪಿಸಬಹುದಾದ್ದರಿಂದ ಉತ್ತರಗಳು ಹೊರಗಿನ ಕಂಪನಿಯ ವಶಕ್ಕೆ ಹೋಗುವುದಿಲ್ಲ. ಉತ್ತರಗಳನ್ನು ಅನಾಮಧೇಯವಾಗಿರಿಸುವ ವ್ಯವಸ್ಥೆಯಿದ್ದು, ಸಮೀಕ್ಷೆ ಚಾಲನೆಗೊಂಡ ಬಳಿಕ ಅದನ್ನು ಬದಲಾಯಿಸಲಾಗದು. ಒಂದೇ ಸಮೀಕ್ಷೆಯನ್ನು ಹಲವು ಭಾಷೆಗಳಲ್ಲಿ ನಡೆಸಬಹುದಾಗಿರುವುದು ಇಂಗ್ಲಿಷ್ ಪ್ರಶ್ನೆಗಳನ್ನು ಕಂಡು ಹಿಂದೆಗೆಯುವವರಿಗೆ ಅನುಕೂಲ. ಆದರೆ ಸರ್ವರ್ ನೋಡಿಕೊಳ್ಳಲು ತಿಳಿದವರೊಬ್ಬರು ಕಾಲೇಜಿನಲ್ಲಿರಬೇಕು; ಬಹುತೇಕ ಕಡೆ ತೊಡಕು ಇಲ್ಲಿಯೇ.

ಕಾನೂನಿನ ಆಸರೆ ಎಷ್ಟೆಂಬುದನ್ನೂ ತಿಳಿದಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೊಳ್ಳುವಂತೆ ಗೊತ್ತುಪಡಿಸಲಾಗಿದೆ. ಸಂಶೋಧನೆಗೆ ಕಾಯ್ದೆಯು ಷರತ್ತುಬದ್ಧ ವಿನಾಯಿತಿ ನೀಡಿದೆ. ಅಲ್ಲದೆ, ಅದು ರಕ್ಷಿಸುವುದು ವ್ಯಕ್ತಿಯ ದತ್ತಾಂಶವನ್ನೇ ಹೊರತು ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದರ ವಹಿವಾಟಿನ ಅಂಕಿಯನ್ನಲ್ಲ. ಅಂತಹ ಅಂಕಿಗೆ ಸಂಶೋಧಕರ ಲಿಖಿತ ಭರವಸೆ ಮತ್ತು ಅವರು ಆಯ್ದ ಸಾಧನವೇ ಕಾವಲು.

ಆದುದರಿಂದ ಉತ್ತರಿಸುವ ಮುನ್ನ ಮಾರ್ಗದರ್ಶಕರ ಪತ್ರವನ್ನು ಕೇಳುವುದು, ಉತ್ತರಗಳು ಯಾರ ಖಾತೆಯಲ್ಲಿರುತ್ತವೆ, ಯಾವಾಗ ಅಳಿಸಲ್ಪಡುತ್ತವೆ ಎಂದು ವಿಚಾರಿಸುವುದು ಒಳಿತು. ನಿಖರ ವಹಿವಾಟಿನ ಬದಲು ಶ್ರೇಣಿಯನ್ನು ಕೇಳುವಂತೆಯೂ ಸೂಚಿಸಬಹುದು: 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವರ್ಗೀಕರಣದಂತೆ ವಹಿವಾಟಿನ ಮಿತಿ ಅತಿ ಸಣ್ಣ ಉದ್ಯಮಕ್ಕೆ 10 ಕೋಟಿ, ಸಣ್ಣ ಉದ್ಯಮಕ್ಕೆ 100 ಕೋಟಿ, ಮಧ್ಯಮಕ್ಕೆ 500 ಕೋಟಿ ರೂಪಾಯಿ. ಅನೇಕ ಪ್ರಬಂಧಗಳಿಗೆ ಇಷ್ಟು ವಿವರವೇ ಸಾಕಾಗುತ್ತದೆ.