ಪಾದರಸದ ನಂಟು: ಗಂಧಕ ಸಿಕ್ಕರೆ ಬಿಡದು

ಜ್ವರಮಾಪಕ ಕೈಜಾರಿ ಒಡೆದಾಗ ಬೆಳ್ಳಿಯ ಗುಂಡುಗಳಂತೆ ಉರುಳಾಡುವ ಪಾದರಸವನ್ನು ಕಂಡು ಬೆರಗಾಗದವರು ವಿರಳ. ಒಂದು ಹನಿ ಹತ್ತಾಗುತ್ತದೆ, ಹತ್ತು ಮತ್ತೆ ಒಂದಾಗುತ್ತದೆ. ನೆಲಕ್ಕೆ ಮಾತ್ರ ಅಂಟುವುದಿಲ್ಲ. ಹೀಗೆ ಜಾರಿಕೊಳ್ಳುವ ಲೋಹ ಮನುಷ್ಯನ ದೇಹವನ್ನು ಹೊಕ್ಕ ಮೇಲೆ ಸುಲಭವಾಗಿ ಬಿಟ್ಟುಹೋಗುವುದಿಲ್ಲವೇಕೆ? ಉತ್ತರ ಅದರ ರಾಸಾಯನಿಕ ಬಂಧದಲ್ಲಿದೆ.

ಪಾದರಸದ ಪರಮಾಣು ಸಂಖ್ಯೆ 80. ಇಷ್ಟು ಧನ ವಿದ್ಯುದಂಶವುಳ್ಳ ನ್ಯೂಕ್ಲಿಯಸ್‌ನ ಸೆಳೆತದಿಂದಾಗಿ ಅತಿ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಅರ್ಧಕ್ಕೂ ಮಿಗಿಲಾದ ವೇಗದಲ್ಲಿ ಚಲಿಸುತ್ತವೆ. ಐನ್‌ಸ್ಟೀನರ ಸಾಪೇಕ್ಷತಾ ಸಿದ್ಧಾಂತದಂತೆ, ಇಂಥ ವೇಗದಲ್ಲಿ ಕಕ್ಷೆಗಳು ಕುಗ್ಗುತ್ತವೆ. ಇದರ ಪರಿಣಾಮ ಹೊರಗಿನ ಎರಡು ಎಲೆಕ್ಟ್ರಾನ್‌ಗಳಿಗೂ ತಟ್ಟುತ್ತದೆ. ಅವು ಒಳಕ್ಕೆ ಬಿಗಿಯಾಗಿ ಸೆಳೆಯಲ್ಪಟ್ಟು, ನೆರೆಯ ಪರಮಾಣುಗಳನ್ನು ಬೆಸೆಯಲು ಅಷ್ಟಾಗಿ ಒದಗುವುದಿಲ್ಲ. ಆದ್ದರಿಂದಲೇ ಪಾದರಸ ಮೈನಸ್ 39 ಡಿಗ್ರಿ ಸೆಲ್ಸಿಯಸ್ ಸಮೀಪದವರೆಗೂ ದ್ರವವಾಗಿಯೇ ಉಳಿಯುತ್ತದೆ.

ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡದ ಈ ಸ್ವಭಾವ ಸಂಯುಕ್ತಗಳಲ್ಲೂ ಎದ್ದುಕಾಣುತ್ತದೆ. ಅಡುಗೆ ಉಪ್ಪಿನಲ್ಲಿ ಸೋಡಿಯಂ ತನ್ನ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಡುತ್ತದೆ. ನೀರಿನಲ್ಲಿ ಎರಡೂ ಬೇರೆಯಾಗುತ್ತವೆ. ಮರ್ಕ್ಯುರಿಕ್ ಕ್ಲೋರೈಡ್‌ನಲ್ಲಾದರೋ ಪಾದರಸ ಎರಡು ಕ್ಲೋರಿನ್ ಪರಮಾಣುಗಳೊಡನೆ ಎಲೆಕ್ಟ್ರಾನ್‌ಗಳನ್ನು ಹಂಚಿಕೊಳ್ಳುತ್ತದೆ. ಮೂರೂ ಒಂದೇ ಸರಳರೇಖೆಯಲ್ಲಿ ನಿಲ್ಲುತ್ತವೆ; ನೀರಿನಲ್ಲಿ ಕರಗಿದರೂ ಬಹುಪಾಲು ಅಣುಗಳು ಒಡೆಯುವುದಿಲ್ಲ. ಕ್ಯಾಲೊಮೆಲ್‌ನ ಬಗೆ ಇನ್ನೂ ವಿಶಿಷ್ಟ. ಅಲ್ಲಿ ಎರಡು ಪಾದರಸ ಪರಮಾಣುಗಳೇ ಪರಸ್ಪರ ಬೆಸೆದುಕೊಂಡು, ಇಕ್ಕೆಲಗಳಲ್ಲಿ ಒಂದೊಂದು ಕ್ಲೋರಿನ್ ಹಿಡಿದಿರುತ್ತವೆ.

ಪಾದರಸಕ್ಕೆ ಆಪ್ತವಾದ ಮೂಲಧಾತುಗಳಲ್ಲಿ ಗಂಧಕ ಮುಖ್ಯವಾದುದು. ಎರಡರ ಎಲೆಕ್ಟ್ರಾನ್ ಮೋಡವೂ ಸುಲಭವಾಗಿ ಆಕಾರ ಬದಲಿಸಬಲ್ಲದು. ರಸಾಯನ ವಿಜ್ಞಾನಿಗಳು ಇವನ್ನು ‘ಮೃದು’ ವರ್ಗಕ್ಕೆ ಸೇರಿಸುತ್ತಾರೆ. ಮೃದುವಿಗೆ ಮೃದುವಿನೊಡನೆ ನಂಟು ಗಟ್ಟಿ. ಪಾದರಸದ ಪ್ರಧಾನ ಅದಿರಾದ ಕೆಂಪು ಇಂಗಳೀಕ ಇವೆರಡರ ಸಂಯುಕ್ತವೇ.

ಅಪಾಯವಿರುವುದೂ ಇಲ್ಲಿಯೇ. ನಮ್ಮ ಪ್ರೋಟೀನ್‌ಗಳಲ್ಲಿರುವ ಸಿಸ್ಟೀನ್ ಎಂಬ ಅಮೈನೊ ಆಮ್ಲದಲ್ಲಿ ಗಂಧಕವಿದೆ. ಪಾದರಸ ಅದನ್ನು ಹಿಡಿದರೆ ಪ್ರೋಟೀನ್ ತನ್ನ ಕೆಲಸ ಮರೆಯುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತ ಇದಕ್ಕೆ ಸಾಕ್ಷಿ. ಚಿಸ್ಸೊ ಕಾರ್ಖಾನೆ ಕೊಲ್ಲಿಗೆ ಹರಿಯಬಿಟ್ಟ ತ್ಯಾಜ್ಯದಲ್ಲಿದ್ದ ಮೀಥೈಲ್ ಪಾದರಸ ಮೀನುಗಳ ಮೂಲಕ ಜನರ ಊಟದ ತಟ್ಟೆ ಸೇರಿತು. ಇದರಲ್ಲಿನ ಇಂಗಾಲ-ಪಾದರಸ ಬಂಧವನ್ನು ನೀರು ಮುರಿಯಲಾರದು. ಸಿಸ್ಟೀನ್‌ಗೆ ಅಂಟಿಕೊಂಡಾಗ ಅದು ಮೆಥಿಯೊನಿನ್ ಎಂಬ ಮತ್ತೊಂದು ಅಮೈನೊ ಆಮ್ಲದ ರೂಪವನ್ನು ಹೋಲುತ್ತದೆ. ಈ ವೇಷದಲ್ಲಿಯೇ ಅದು ಮಿದುಳಿನ ಕಾವಲನ್ನೂ ಗರ್ಭದ ರಕ್ಷಣೆಯನ್ನೂ ದಾಟಿತು. ತಾಯಂದಿರು ತಿಂದ ಮೀನಿನ ವಿಷ ಹುಟ್ಟುವ ಮಕ್ಕಳನ್ನೂ ಕಾಡಿತು.

ಆ ಊರಿನ ಹೆಸರನ್ನೇ ಹೊತ್ತ ಅಂತಾರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂದಿತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಆದರೂ ಹಳೆಯ ಜ್ವರಮಾಪಕಗಳು ಹಲವು ಮನೆಗಳಲ್ಲಿ ಉಳಿದಿವೆ. ಒಡೆದರೆ ಪೊರಕೆಯಿಂದ ಗುಡಿಸಬೇಡಿ, ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ. ಕಿಟಕಿ ತೆರೆದು, ಮಕ್ಕಳನ್ನು ದೂರವಿರಿಸಿ, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಗೂಡಿಸಿ ಮುಚ್ಚಳವಿರುವ ಸೀಸೆಯಲ್ಲಿಡಿ.